ಓದುಗರ ಪ್ರಶ್ನೆ, ನಮ್ಮ ಉತ್ತರ: ಭೂಮಿ ಯೆಹೋವನದು, ಹಾಗಾದರೆ ನಮ್ಮದೇನು?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಸೃಷ್ಟಿಯ ಕುರಿತಾದವು. ಒಂದೇ ಧಾಟಿಯವನ್ನು ಕೂಡಿಸಿ ಉತ್ತರಿಸಿದ್ದೇವೆ. ಓದುವಾಗ ಬೈಬಲ್ ಪಕ್ಕದಲ್ಲಿ ತೆರೆದಿರಲಿ. ವಚನಗಳ ಸಂಖ್ಯೆ ಕೊಟ್ಟಿರುವುದು ನೀವೇ ನೋಡಿ ಒಪ್ಪಲಿ, ಇಲ್ಲವೇ ತಕರಾರು ತೆಗೆಯಲಿ ಎಂದು.

ಪ್ರಶ್ನೆ: ಆದಿಕಾಂಡ 1:28ರಲ್ಲಿ ದೇವರು ಮನುಷ್ಯನಿಗೆ ಭೂಮಿಯನ್ನು ವಶಮಾಡಿಕೊಳ್ಳಿ, ಜೀವಿಗಳ ಮೇಲೆ ದೊರೆತನ ಮಾಡಿ ಎನ್ನುತ್ತಾನೆ. ಪರಿಸರ ಹಾಳಾಗಲು ಈ ವಚನವೇ ಮೂಲ ಎಂದು ಕಾಲೇಜಿನ ಗೆಳೆಯರು ವಾದಿಸುತ್ತಾರೆ. ಅವರಿಗೆ ಏನು ಹೇಳಲಿ?

ಈ ಆಪಾದನೆಗೆ ವಯಸ್ಸಾಗಿದೆ. 1967ರಲ್ಲಿ ಇತಿಹಾಸಕಾರ ಲಿನ್ ವೈಟ್ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಅದು ಎಲ್ಲರ ಬಾಯಿಗೆ ಬಂತು. ಪ್ರಕೃತಿ ಇರುವುದೇ ಮನುಷ್ಯನ ಉಪಯೋಗಕ್ಕೆ ಎಂಬ ಧೋರಣೆ ಪಾಶ್ಚಾತ್ಯ ಕ್ರೈಸ್ತ ಚಿಂತನೆಯಿಂದ ಬಂದದ್ದು ಎಂಬುದು ಅವರ ವಾದ. ಆದರೆ ಅದೇ ಲೇಖನದ ಕೊನೆಯಲ್ಲಿ ಅವರು ಅಸ್ಸಿಸಿಯ ಫ್ರಾನ್ಸಿಸರನ್ನು ಪರಿಸರವಾದಿಗಳ ಪೋಷಕ ಸಂತರೆಂದು ಸೂಚಿಸಿದ್ದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅದನ್ನೇ ಅಧಿಕೃತವಾಗಿ ಘೋಷಿಸಿದರು. ಆದ್ದರಿಂದ ಗೆಳೆಯರ ಮಾತನ್ನು ಒಂದೇ ಏಟಿಗೆ ತಳ್ಳಿಹಾಕಬೇಡಿ. ಆ ವಚನವನ್ನು ಲೂಟಿಗೆ ಪರವಾನಗಿಯಂತೆ ಬಳಸಿದವರಿದ್ದಾರೆ. ವಚನ ನಿಜಕ್ಕೂ ಅದನ್ನು ಹೇಳುತ್ತದೆಯೇ ಎಂದು ನೋಡುವುದು ನಮ್ಮ ಕೆಲಸ.

ಚರ್ಚೆಯನ್ನು 28ನೇ ವಚನದಿಂದ ಶುರು ಮಾಡಬೇಡಿ, ಅಧ್ಯಾಯದ ಮೊದಲಿನಿಂದ ಓದಿ. ಬೆಳಕು, ನೆಲ ಮತ್ತು ಕಡಲು, ಸಸ್ಯಗಳು, ಸೂರ್ಯಚಂದ್ರರು, ಮೀನು ಮತ್ತು ಪಕ್ಷಿಗಳು, ಕಾಡುಮೃಗ ಮತ್ತು ಪಶುಗಳು: ಇವುಗಳ ಬಗ್ಗೆ ‘ಒಳ್ಳೆಯದು’ ಎಂಬ ತೀರ್ಪು ಆರು ಸಲ ಬಂದುಹೋದ ಮೇಲೆ (ವಚನ 4, 10, 12, 18, 21, 25) ಮನುಷ್ಯ ಕಾಣಿಸಿಕೊಳ್ಳುತ್ತಾನೆ. ಮೀನಿನಿಂದ ಏನು ಪ್ರಯೋಜನ ಎಂದು ಕೇಳುವವರೇ ಹುಟ್ಟಿರದಿದ್ದಾಗ ದೇವರು ಮೀನನ್ನು ಮೆಚ್ಚಿದ್ದಾನೆ. ಇನ್ನೂ ಮುಖ್ಯವಾದದ್ದು 22ನೇ ವಚನ. ‘ಅಭಿವೃದ್ಧಿಯಾಗಿ ಹೆಚ್ಚಿರಿ’ ಎಂಬ ಆಶೀರ್ವಾದ ಮೊದಲು ಸಿಕ್ಕಿದ್ದು ಜಲಚರಗಳಿಗೆ ಮತ್ತು ಪಕ್ಷಿಗಳಿಗೆ. ಮನುಷ್ಯನಿಗೆ ಸಿಕ್ಕ ಆಶೀರ್ವಾದ ಇದನ್ನು ರದ್ದು ಮಾಡುವುದಿಲ್ಲ. ಒಂದು ಜಾತಿಯ ಮೀನು ಪೂರ್ತಿ ಅಳಿಯುವಷ್ಟು ಬಲೆ ಬೀಸುವವನು ದೇವರ ಒಂದು ಆಶೀರ್ವಾದಕ್ಕೆ ಅಡ್ಡ ಬಂದಂತಾಯಿತು.

ಈಗ 28ರ ಮುಂದಿನ ಎರಡು ವಚನ ನೋಡಿ. ದೊರೆತನ ಕೊಟ್ಟ ಕೂಡಲೇ ದೇವರು ಊಟದ ವಿಚಾರ ಎತ್ತುತ್ತಾನೆ. ಮನುಷ್ಯನಿಗೂ ಪ್ರಾಣಿಪಕ್ಷಿಗಳಿಗೂ ಕೊಟ್ಟದ್ದು ಸಸ್ಯಾಹಾರ. ಮಾಂಸಕ್ಕೆ ಅನುಮತಿ ಬರುವುದು ಜಲಪ್ರಳಯ ಮುಗಿದ ಮೇಲೆ, 9:3ರಲ್ಲಿ. ಎಂದರೆ ಮೊದಲ ಅಧ್ಯಾಯದ ಈ ದೊರೆಗೆ ತನ್ನ ಪ್ರಜೆಗಳನ್ನು ಕೊಂದು ತಿನ್ನುವ ಹಕ್ಕೂ ಇರಲಿಲ್ಲ! ಮಾಂಸ ತಿನ್ನಬಾರದು ಎಂದು ಇದರಿಂದ ಕಾನೂನು ಮಾಡಬೇಕಾಗಿಲ್ಲ. ಆದರೆ ದೊರೆತನ ಎಂದರೆ ಬೇಕಾದ್ದು ಮಾಡುವ ಅಧಿಕಾರ ಎಂಬ ಅರ್ಥ ಈ ಪುಟದಲ್ಲಿ ನಿಲ್ಲುವುದಿಲ್ಲ.

ಬೈಬಲಿನಲ್ಲಿ ದೊರೆ ಎಂದರೆ ಯಾರು ಎಂಬುದೂ ಗೊತ್ತಿರಬೇಕು. ಧರ್ಮೋಪದೇಶಕಾಂಡ 17:16-17 ಅರಸನಿಗೆ ಕುದುರೆ, ಹೆಂಡಿರು, ಬೆಳ್ಳಿಬಂಗಾರ ಮೂರನ್ನೂ ಮಿತಿಯಲ್ಲಿಡುತ್ತದೆ. 72ನೇ ಕೀರ್ತನೆಯ ಒಳ್ಳೆಯ ಅರಸ ಹುಲ್ಲು ಕೊಯ್ದ ನೆಲದ ಮೇಲೆ ಬೀಳುವ ಮಳೆಯಂತಿದ್ದು, ದಿಕ್ಕಿಲ್ಲದವರನ್ನು ಕಾಯುತ್ತಾನೆ. ಕೊಬ್ಬು ತಿಂದು, ಉಣ್ಣೆ ಹೊದ್ದು, ಕುರಿಗಳನ್ನು ಮೇಯಿಸದೆ ಬಲಾತ್ಕಾರದಿಂದ ಆಳಿದ ಕುರುಬರಿಗೆ ಏನು ಕಾದಿದೆ ಎಂಬುದು ಯೆಹೆಜ್ಕೇಲ 34ರಲ್ಲಿದೆ. ಎರಡನೇ ಅಧ್ಯಾಯದ 15ನೇ ವಚನವಂತೂ ನೇರ: ತೋಟವನ್ನು ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ ಮನುಷ್ಯನನ್ನು ಅಲ್ಲಿ ಇಟ್ಟನು.

ಮೋಶೆಯ ಧರ್ಮಶಾಸ್ತ್ರ ಈ ಕಾಯುವಿಕೆಯನ್ನು ದಿನನಿತ್ಯದ ಕಾನೂನಿಗೆ ಇಳಿಸುತ್ತದೆ. ಏಳನೇ ದಿನ ಎತ್ತು, ಕತ್ತೆಗಳಿಗೂ ವಿಶ್ರಾಂತಿ. ಏಳನೇ ವರ್ಷ ಹೊಲ ಬೀಳು, ಅದರಲ್ಲಿ ತಾನಾಗಿ ಬೆಳೆದದ್ದು ಬಡವರಿಗೆ, ಅವರು ಬಿಟ್ಟದ್ದು ಕಾಡುಮೃಗಗಳಿಗೆ (ವಿಮೋಚನಕಾಂಡ 23:10-12). ಪಟ್ಟಣಕ್ಕೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರಕ್ಕೆ ಕೊಡಲಿ ಹಾಕುವಂತಿಲ್ಲ (ಧರ್ಮೋಪದೇಶಕಾಂಡ 20:19). ದಾರಿಯಲ್ಲಿ ಗೂಡು ಸಿಕ್ಕರೆ ಮರಿಗಳನ್ನು ತೆಗೆದುಕೊಳ್ಳಬಹುದು, ತಾಯಿಯನ್ನು ಬಿಟ್ಟುಬಿಡಬೇಕು (22:6-7). ಈ ಕೊನೆಯದರ ಜಾಣತನ ಗಮನಿಸಿ. ತಾಯಿ ಉಳಿದರೆ ಮುಂದಿನ ಋತುವಿನಲ್ಲಿ ಮತ್ತೆ ಗೂಡು ಕಟ್ಟುತ್ತದೆ, ಎರಡನ್ನೂ ಹಿಡಿದರೆ ಅಲ್ಲಿಗೆ ಮುಗಿಯಿತು. ಇದಕ್ಕೆಲ್ಲ ಆಧಾರ ಯಾಜಕಕಾಂಡ 25:23ರಲ್ಲಿದೆ: ಭೂಮಿ ನನ್ನದು, ನೀವು ನನ್ನ ಬಳಿ ಇಳಿದುಕೊಂಡಿರುವ ಪ್ರವಾಸಿಗಳು. ಇದನ್ನು ಹೇಳಿದ್ದು ಆಸ್ತಿಗಾಗಿ ನಲವತ್ತು ವರ್ಷ ಅಲೆಯಲಿದ್ದ ಜನರಿಗೆ ಎಂಬುದು ಮರೆಯಬಾರದು.

ಪ್ರಶ್ನೆ: ಬಿಗ್ ಬ್ಯಾಂಗ್ ಸಿದ್ಧಾಂತ ಒಪ್ಪಿದರೆ ಸೃಷ್ಟಿಕರ್ತನಾದ ದೇವರನ್ನು ಬಿಟ್ಟಂತೆಯೇ?

ಇಲ್ಲ. ಆ ಸಿದ್ಧಾಂತಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಜಾರ್ಜ್ ಲೆಮೈತ್ರ್ ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಬರೆದರು, ಇಡೀ ವಿಶ್ವ ಒಂದೇ ‘ಆದಿಮ ಪರಮಾಣು’ವಿನಿಂದ ಹೊರಟಿತು ಎಂಬ ಕಲ್ಪನೆಯನ್ನು 1931ರಲ್ಲಿ ಮುಂದಿಟ್ಟರು. 1951ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಈ ವಿಜ್ಞಾನವನ್ನು ಸೃಷ್ಟಿಯ ಬೋಧನೆಗೆ ಸಾಕ್ಷಿಯಂತೆ ಬಳಸಿದಾಗ ಲೆಮೈತ್ರ್ ಅವರಿಗೇ ಅದು ಹಿಡಿಸಲಿಲ್ಲ. ಅವರ ಲೆಕ್ಕದಲ್ಲಿ ಎರಡನ್ನೂ ಕಲಸಬಾರದು. ನಮ್ಮ ಅಭಿಪ್ರಾಯವೂ ಅದೇ. ವಿಜ್ಞಾನಕ್ಕೆ ಹೆದರುವುದು ಎಷ್ಟು ತಪ್ಪೋ ಇಂದಿನ ಸಿದ್ಧಾಂತಕ್ಕೆ ವಚನವನ್ನು ಗಂಟು ಹಾಕುವುದೂ ಅಷ್ಟೇ ತಪ್ಪು. ನಾಳೆ ಸಿದ್ಧಾಂತ ಬದಲಾದರೆ ವಚನದ ಗತಿ ಏನು?

ಸೃಷ್ಟಿಯ ಬೋಧನೆ ಬರೀ ಮೊದಲ ಕ್ಷಣದ ವಿಚಾರವಲ್ಲ. ಈ ಹೊತ್ತೂ ಎಲ್ಲವೂ ದೇವರಿಂದಲೇ ಇರುತ್ತಿದೆ ಎಂಬುದು ಅದರ ತಿರುಳು (ಕೀರ್ತನೆ 104:29-30, ಕೊಲೊಸ್ಸೆ 1:17). ಆದಿಕಾಂಡದ ದಿನಗಳನ್ನು ನಮ್ಮ ಸಾಮಾನ್ಯ ದಿನಗಳೆಂದು ತಿಳಿಯಬೇಕಾಗಿಲ್ಲ ಎಂದು ಪ್ರಾಚೀನ ಸಭೆಯ ಪಂಡಿತ ಅಗಸ್ಟೀನ್ ವಾದಿಸಿ ಹದಿನಾರು ಶತಮಾನ ಆಯಿತು. ಆಗ ಯಾವ ದೂರದರ್ಶಕವೂ ಅವರ ಮೇಲೆ ಒತ್ತಡ ಹೇರಿರಲಿಲ್ಲ.

ಪ್ರಶ್ನೆ: 2 ಪೇತ್ರ 3:10ರ ಪ್ರಕಾರ ಭೂಮಿಯೂ ಅದರಲ್ಲಿರುವ ಕೆಲಸಗಳೂ ಬೆಂಕಿಗೆ ಹೋಗುವಂಥವು. ಹೇಗೂ ಸುಟ್ಟುಹೋಗುವುದನ್ನು ಕಾಪಾಡುವುದಕ್ಕಿಂತ ಆತ್ಮಗಳನ್ನು ರಕ್ಷಿಸುವುದು ಮೇಲಲ್ಲವೇ?

ಈ ಪ್ರಶ್ನೆಯನ್ನು ಹಲವು ಸಭೆಗಳವರು ಕಳಿಸಿದ್ದಾರೆ. ಅದೇ ಅಧ್ಯಾಯದ 5ರಿಂದ 7ನೇ ವಚನಗಳನ್ನು ಮೊದಲು ಓದಿ. ಪೇತ್ರನು ಬರುವ ಬೆಂಕಿಯನ್ನು ನೋಹನ ಕಾಲದ ನೀರಿಗೆ ಹೋಲಿಸುತ್ತಾನೆ. ಆಗಿನ ಲೋಕ ನೀರಿನಿಂದ ‘ನಾಶವಾಯಿತು’ ಎನ್ನುತ್ತಾನೆ. ಆದರೆ ಪ್ರಳಯದಲ್ಲಿ ಭೂಮಿ ಇಲ್ಲವಾಗಲಿಲ್ಲ. ನೀರು ಇಳಿಯಿತು, ಎಣ್ಣೆಮರದ ಎಲೆ ಚಿಗುರಿತು, ನಾವೆಯೊಳಗಿನ ಪ್ರಾಣಿಗಳು ಅದೇ ನೆಲಕ್ಕೆ ಇಳಿದವು. ಹೋದದ್ದು ದುಷ್ಟತನ ತುಂಬಿದ ವ್ಯವಸ್ಥೆ. ಹೋಲಿಕೆ ಪೇತ್ರನದೇ ಆದ್ದರಿಂದ ಬೆಂಕಿಯನ್ನೂ ಅದೇ ರೀತಿ, ಶೋಧಿಸುವ ತೀರ್ಪಾಗಿ ಓದುವುದಕ್ಕೆ ಬಲವಾದ ಕಾರಣವಿದೆ. ಇನ್ನೊಂದು ಸಂಗತಿ. 10ನೇ ವಚನದ ಕೊನೆಯಲ್ಲಿ ‘ಸುಟ್ಟುಹೋಗುವವು’ ಎಂದಿರುವ ಕಡೆ ನಾಲ್ಕನೇ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ‘ಕಂಡುಬರುವವು’ ಎಂಬ ಅರ್ಥದ ಪಾಠವಿದೆ. ಆದ್ದರಿಂದಲೇ ಹಲವು ಹೊಸ ಭಾಷಾಂತರಗಳು ಇಲ್ಲಿ ‘ಬಯಲಾಗುವವು’ ಎಂಬಂತೆ ಹೇಳುತ್ತವೆ.

ಪೌಲನಲ್ಲಿ ವಿಷಯ ಇನ್ನೂ ಸ್ಪಷ್ಟ. ರೋಮಾಪುರದವರಿಗೆ 8:21ರಲ್ಲಿ ಸೃಷ್ಟಿಗೆ ಸಿಗಲಿರುವುದು ಕೊಳೆತು ನಾಶವಾಗುವ ದಾಸತ್ವದಿಂದ ಬಿಡುಗಡೆ. ಬಿಡುಗಡೆಯಾಗುವುದು ಎಂದರೆ ಇಲ್ಲವಾಗುವುದಲ್ಲ. 22ನೇ ವಚನ ಸೃಷ್ಟಿಯ ನರಳಾಟವನ್ನು ಹೆರಿಗೆ ನೋವು ಎನ್ನುತ್ತದೆ, ಸಾವಿನ ಸಂಕಟ ಎನ್ನುವುದಿಲ್ಲ. ಕೊಲೊಸ್ಸೆ 1:20ರಲ್ಲಿ ಶಿಲುಬೆಯ ರಕ್ತದಿಂದ ಸಮಾಧಾನವಾಗುವುದು ‘ಸಮಸ್ತ’ ಎಂದಿದೆ. ಎದ್ದುಬಂದ ಯೇಸುವಿನ ದೇಹದಲ್ಲಿ ಮೊಳೆಯ ಗಾಯ ಹಾಗೆಯೇ ಇತ್ತು (ಯೋಹಾನ 20:27). ದೇವರು ಹಳೆಯ ದೇಹವನ್ನು ಎಸೆದು ಬೇರೆಯದನ್ನು ಕೊಡಲಿಲ್ಲ. ಪ್ರಕಟನೆ 21:5 ಕೂಡ ‘ಎಲ್ಲವನ್ನೂ ಹೊಸದು ಮಾಡುತ್ತೇನೆ’ ಎನ್ನುತ್ತದೆ.

ಆತ್ಮ ಮೇಲೋ ಭೂಮಿ ಮೇಲೋ ಎಂಬ ತಕ್ಕಡಿ ನಮ್ಮದು, ಬೈಬಲಿನದಲ್ಲ. ನಿನೆವೆಯನ್ನು ಉಳಿಸಿದ್ದೇಕೆ ಎಂದು ಯೋನನು ಸಿಟ್ಟಾದಾಗ ದೇವರು ಕೊಟ್ಟ ಕಾರಣದಲ್ಲಿ ಲಕ್ಷದಿಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ಜನರಿದ್ದಾರೆ, ಆ ಪುಸ್ತಕದ ಕಟ್ಟಕಡೆಯ ಮಾತಿನಲ್ಲಿ ಬಹಳ ದನಕರುಗಳೂ ಇವೆ.

ಪ್ರಶ್ನೆ: ‘ಸೋದರಿ ಚಂದ್ರ’, ‘ಸೋದರ ಸೂರ್ಯ’ ಎಂದು ಹಾಡುವುದು ಪ್ರಕೃತಿಪೂಜೆ ಆಗುವುದಿಲ್ಲವೇ?

ಪೂಜೆ ಯಾರಿಗೆ ಎಂದು ಕೇಳಿ, ಗೊಂದಲ ತೀರುತ್ತದೆ. ಫ್ರಾನ್ಸಿಸ್ ತಮ್ಮ ಬದುಕಿನ ಕೊನೆಗಾಲದಲ್ಲಿ, ಕಣ್ಣು ತೀರಾ ಹದಗೆಟ್ಟಿದ್ದಾಗ ರಚಿಸಿದ ಆ ಗೀತೆಯಲ್ಲಿ ಸ್ತೋತ್ರ ಸಲ್ಲುವುದು ಕರ್ತನಿಗೆ. ಸೂರ್ಯ ಸೋದರನಾಗುವುದು ಇಬ್ಬರನ್ನೂ ಉಂಟುಮಾಡಿದವನು ಒಬ್ಬನೇ ಆದದ್ದರಿಂದ. ಸೋದರನಿಗೆ ಯಾರೂ ಅಡ್ಡಬೀಳುವುದಿಲ್ಲ. 148ನೇ ಕೀರ್ತನೆ ಸೂರ್ಯ, ಚಂದ್ರ, ಆಲಿಕಲ್ಲು, ಹಣ್ಣಿನ ಮರ, ಹರಿದಾಡುವ ಜಂತುಗಳನ್ನೆಲ್ಲ ನಮ್ಮ ಜೊತೆ ಗಾಯನಕ್ಕೆ ಕರೆಯುತ್ತದೆ. ಅವು ನಮ್ಮ ಸಂಗಡ ಆರಾಧಿಸುವವು, ಆರಾಧನೆ ಪಡೆಯುವವಲ್ಲ. ರೋಮಾಪುರದವರಿಗೆ 1:25 ಎಳೆಯುವ ಗೆರೆ ಇದೇ. ಆ ಗೆರೆಯನ್ನು ಇನ್ನೊಂದು ಕಡೆಯಿಂದ ದಾಟುವವರೂ ಇದ್ದಾರೆ. ದುಡ್ಡಿಗಾಗಿ ಬೆಟ್ಟವನ್ನೇ ಕರಗಿಸುವುದು ಯಾವ ಪೂಜೆ ಎಂಬುದನ್ನು ನಾವು ಅಷ್ಟಾಗಿ ಕೇಳುವುದಿಲ್ಲ.

ಪ್ರಶ್ನೆ: ನಮ್ಮ ಯುವಜನ ಸಂಘದಲ್ಲಿ ಸೃಷ್ಟಿಯ ಕುರಿತು ನಾಲ್ಕು ವಾರದ ವಾಕ್ಯಾಧ್ಯಯನ ಇಟ್ಟುಕೊಳ್ಳಬೇಕು. ಯಾವ ಭಾಗಗಳನ್ನು ತೆಗೆದುಕೊಳ್ಳಬೇಕು, ಹೇಗೆ ನಡೆಸಬೇಕು?

ಕಾಲ ಆರಿಸಿಕೊಳ್ಳುವ ಅವಕಾಶವಿದ್ದರೆ ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ನಡುವೆ ಇಡಿ. 1989ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಆರ್ಥಡಾಕ್ಸ್ ಸಭೆಯ ಪೇಟ್ರಿಯಾರ್ಕ್ (ಮುಖ್ಯ ಧರ್ಮಗುರು) ಡಿಮಿಟ್ರಿಯೋಸ್ ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥನಾ ದಿನವೆಂದು ಸಾರಿದರು, 2015ರಲ್ಲಿ ಪೋಪ್ ಫ್ರಾನ್ಸಿಸ್ ಕ್ಯಾಥೊಲಿಕರನ್ನೂ ಸೇರಿಸಿದರು. ಅಕ್ಟೋಬರ್ 4 ಅಸ್ಸಿಸಿಯ ಫ್ರಾನ್ಸಿಸರ ಹಬ್ಬ. ಹಲವು ಸಭೆಗಳು ಈ ಅವಧಿಯನ್ನು ಒಟ್ಟಿಗೆ ಆಚರಿಸುತ್ತವೆ.

ಮೊದಲ ವಾರ ಆದಿಕಾಂಡ 1 ಮತ್ತು 2, ಎರಡನೆಯದು 104ನೇ ಕೀರ್ತನೆ, ಮೂರನೆಯದು ಯೋಬ 38 ಮತ್ತು 39, ನಾಲ್ಕನೆಯದು ರೋಮಾಪುರದವರಿಗೆ 8:18-25 ಜೊತೆಗೆ ಕೊಲೊಸ್ಸೆ 1:15-20. ಒಂದೂಕಾಲು ಗಂಟೆ ಸಾಕು: ಗಟ್ಟಿಯಾಗಿ ಓದಲು ಹತ್ತು ನಿಮಿಷ, ಭಾಗದಲ್ಲಿ ಏನಿದೆ ಎಂದು ಗುರುತಿಸಲು ಅರ್ಧ ಗಂಟೆ, ಮಾತುಕತೆಗೆ ಇಪ್ಪತ್ತು, ಉಳಿದದ್ದು ಪ್ರಾರ್ಥನೆಗೆ. ಗುರುತಿಸುವ ಸಮಯವನ್ನು ಮಾತ್ರ ಕಡಿಮೆ ಮಾಡಬೇಡಿ. ಅದು ಕುಗ್ಗಿದರೆ ಮಾತುಕತೆ ಪತ್ರಿಕೆಯಲ್ಲಿ ಓದಿದ ಸುದ್ದಿಗಳ ಕಡೆ ಜಾರುತ್ತದೆ.

ಎರಡನೇ ವಾರ ಹೀಗೆ ಮಾಡಿ. 104ನೇ ಕೀರ್ತನೆಯಲ್ಲಿ 35 ವಚನಗಳಿವೆ. ಪ್ರತಿಯೊಬ್ಬರಿಗೂ ಒಂದು ಹಾಳೆ ಕೊಟ್ಟು ಎರಡು ಸಾಲು ಬರೆಯಲು ಹೇಳಿ: ಎಡಕ್ಕೆ ಜೀವಿ, ಬಲಕ್ಕೆ ದೇವರು ಅದಕ್ಕೆ ಕೊಟ್ಟದ್ದು. ಕಾಡುಕತ್ತೆಗೆ ಬುಗ್ಗೆಯ ನೀರು, ಕೊಕ್ಕರೆಗೆ ಮರ, ಕಾಡುಮೇಕೆಗೆ ಎತ್ತರದ ಬೆಟ್ಟ, ಬೆಟ್ಟದ ಮೊಲಕ್ಕೆ ಬಂಡೆಯ ಸಂದು, ಸಿಂಹಕ್ಕೆ ರಾತ್ರಿ, ಮನುಷ್ಯನಿಗೆ ಹಗಲು. ಪಟ್ಟಿ ತುಂಬಿದ ಮೇಲೆ ಮನುಷ್ಯನ ಹೆಸರು ಎಷ್ಟು ಕಡೆ ಬಂದಿದೆ ಎಣಿಸಲಿ. 14, 15 ಮತ್ತು 23ನೇ ವಚನಗಳಲ್ಲಿ, ಅಷ್ಟೇ. ಸಿಂಹ ಗುಹೆಗೆ ಮರಳುವ ಹೊತ್ತಿಗೆ ಮನುಷ್ಯ ಕೆಲಸಕ್ಕೆ ಹೊರಡುತ್ತಾನೆ. ಎರಡು ಪಾಳಿಗಳು, ಒಂದೇ ನೆಲ. ಇದನ್ನು ನೀವು ಹೇಳಬೇಡಿ, ಅವರೇ ಕಂಡುಕೊಳ್ಳಲಿ.

ಮೂರನೇ ವಾರ ಕಷ್ಟದ್ದು. ಯೋಬನಿಗೆ ದೇವರು ಕೊಡುವ ಉತ್ತರದಲ್ಲಿ ಯೋಬನ ಸಂಕಟದ ಪ್ರಸ್ತಾಪವೇ ಇಲ್ಲ. ಇರುವುದು ಮನುಷ್ಯರಿಲ್ಲದ ಅಡವಿಯ ಮೇಲೆ ಸುರಿಯುವ ಮಳೆ (38:26), ಈಯುವ ಕಾಡುಮೇಕೆ, ಮೊಟ್ಟೆ ಮರೆಯುವ ಉಷ್ಟ್ರಪಕ್ಷಿ. ಯಾರ ಹೊಲಕ್ಕೂ ಉಪಯೋಗವಾಗದ ಆ ಮಳೆಯ ಮೇಲೆ ನಿಂತು ಮಾತಾಡಿ. ಹದ್ದಿನ ಮರಿಗಳು ರಕ್ತ ಹೀರುತ್ತವೆ ಎಂಬ 39:30ನ್ನು ಓದದೆ ದಾಟುವ ಚಾಳಿ ಬೇಡ. ಒಳ್ಳೆಯ ದೇವರ ಸೃಷ್ಟಿಯಲ್ಲಿ ಕೊಂದು ತಿನ್ನುವುದೇಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕ್ರೈಸ್ತರಲ್ಲಿ ಇದಕ್ಕೆ ಎರಡು ಉತ್ತರಗಳಿವೆ. ಇದು ಮನುಷ್ಯನ ಪಾಪದ ಫಲ ಎನ್ನುವವರು ಆದಿಕಾಂಡ 1:30 ಮತ್ತು ಯೆಶಾಯ 11:7 ತೋರಿಸುತ್ತಾರೆ. ಮೊದಲಿನಿಂದಲೂ ಸೃಷ್ಟಿ ಹೀಗೆಯೇ ಇತ್ತು ಎನ್ನುವವರು ಕೀರ್ತನೆ 104:21ರಲ್ಲಿ ಸಿಂಹದ ಮರಿ ಬೇಟೆಯನ್ನು ದೇವರಲ್ಲಿಯೇ ಬೇಡುವುದನ್ನು ತೋರಿಸುತ್ತಾರೆ. ಆದಿಕಾಂಡ 3ರ ಶಾಪದಲ್ಲಿ ಸಿಂಹದ ಹಲ್ಲು ಬದಲಾದ ಮಾತಿಲ್ಲವಾದ್ದರಿಂದ ನಮಗೆ ಎರಡನೆಯದು ಹತ್ತಿರ. ಯೆಶಾಯನ ನಿರೀಕ್ಷೆಯನ್ನೂ ಕೈಬಿಡಬೇಕಾಗಿಲ್ಲ. ಸಂಘದಲ್ಲಿ ಎರಡನ್ನೂ ಇಡಿ, ತೀರ್ಪು ಕೊಡುವ ಅವಸರ ಬೇಡ.

ಇಂಥ ಅಧ್ಯಯನಗಳು ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ಭಾಗ ಯಾವುದೇ ಇರಲಿ, ಕೊನೆಗೆ ‘ಆದ್ದರಿಂದ ಪ್ಲಾಸ್ಟಿಕ್ ಬಳಸಬೇಡಿ’ ಎಂದು ಮುಗಿಸುತ್ತಾರೆ. ಮೂರನೇ ವಾರಕ್ಕೆ ಯುವಕರು ಕಿವಿ ಮುಚ್ಚಿಕೊಂಡಿರುತ್ತಾರೆ. 104ನೇ ಕೀರ್ತನೆಯ ದನಿ ಸ್ತೋತ್ರದ್ದು, ಅದನ್ನು ಸ್ತೋತ್ರವಾಗಿಯೇ ಮುಗಿಸಿ. ಏನು ಮಾಡಬೇಕು ಎಂಬ ಮಾತಿಗೆ ನಾಲ್ಕನೇ ವಾರದಲ್ಲಿ ಜಾಗ ಕೊಡಿ.

ಪ್ರಶ್ನೆ: ಪ್ರತಿ ವರ್ಷ ಪರಿಸರ ಭಾನುವಾರದಂದು ಆರಾಧನೆ ಮುಗಿಸಿ ಸಸಿ ನೆಡುತ್ತೇವೆ. ಮುಂದಿನ ವರ್ಷ ಅದೇ ಗುಂಡಿಯಲ್ಲಿ ಮತ್ತೆ ನೆಡುವ ಹಾಗಾಗಿದೆ. ಎಲ್ಲಿ ತಪ್ಪುತ್ತಿದ್ದೇವೆ?

ಬಹುತೇಕ ತಪ್ಪು ದಿನ ಆರಿಸುವಲ್ಲೇ ಆಗಿರುತ್ತದೆ. ಕ್ಯಾಲೆಂಡರಿನ ಭಾನುವಾರ ಸಸಿಗೆ ಗೊತ್ತಿಲ್ಲ. ನಿಮ್ಮ ನೆಲದಲ್ಲಿ ಮಳೆ ಹಿಡಿದು ಮಣ್ಣು ಒಂದು ಗೇಣು ಆಳಕ್ಕೆ ನೆನೆದ ಮೇಲೆ ನೆಡಿ, ಆರಾಧನೆಯ ದಿನವನ್ನು ಅದಕ್ಕೆ ಹೊಂದಿಸಿ.

ನೆಡುವ ಕ್ರಮ. ಗುಂಡಿ ಬೇರಿನ ಮಣ್ಣುಂಡೆಯ ಎರಡು, ಮೂರು ಪಟ್ಟು ಅಗಲ ಇರಲಿ, ಆಳ ಮಾತ್ರ ಉಂಡೆಯಷ್ಟೇ. ಆಳ ಹೆಚ್ಚಾದರೆ ಸಡಿಲ ಮಣ್ಣು ಕುಸಿದು ಸಸಿ ಕೆಳಗಿಳಿಯುತ್ತದೆ, ಬೇರು ಮತ್ತು ಕಾಂಡ ಕೂಡುವ ಜಾಗ ಹೂತು ಕೊಳೆಯುತ್ತದೆ. ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ತೆಗೆಯಿರಿ. ಫೋಟೊದ ಗಡಿಬಿಡಿಯಲ್ಲಿ ಚೀಲ ಸಮೇತ ನೆಟ್ಟ ಸಸಿಗಳಿಗೆ ಲೆಕ್ಕವಿಲ್ಲ. ಚೀಲದೊಳಗೆ ಬೇರು ಸುತ್ತಿಕೊಂಡಿದ್ದರೆ ಮೂರ್ನಾಲ್ಕು ಕಡೆ ಮೇಲಿನಿಂದ ಕೆಳಕ್ಕೆ ಸೀಳಿ ಬಿಡಿಸಿ. ಇಲ್ಲದಿದ್ದರೆ ಅದೇ ಸುತ್ತು ಮುಂದುವರಿದು ಕೆಲವು ವರ್ಷಗಳ ಮೇಲೆ ಗಾಳಿಗೆ ಮರ ಉರುಳುತ್ತದೆ. ತೆಗೆದ ಮಣ್ಣನ್ನೇ ತುಂಬಿ, ಮೆಲ್ಲಗೆ ತುಳಿದು, ಸುತ್ತ ಪಾತಿ ಮಾಡಿ. ದರಗು ಎರಡು, ಮೂರು ಇಂಚು ದಪ್ಪ ಹರಡಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ. ಮಳೆಯಿಲ್ಲದ ವಾರಗಳಲ್ಲಿ ಗಿಡಕ್ಕೆ ಹತ್ತು, ಹದಿನೈದು ಲೀಟರ್ ನೀರು ನಿಧಾನವಾಗಿ ಇಂಗುವ ಹಾಗೆ ಕೊಡಿ. ದಿನಾ ಒಂದೊಂದು ಚೊಂಬು ಚಿಮುಕಿಸಿದರೆ ಬೇರು ಮೇಲ್ಮಣ್ಣಿನಲ್ಲೇ ಉಳಿದು ಮೊದಲ ಬಿಸಿಲಿಗೆ ಒಣಗುತ್ತದೆ. ಎರಡನೇ ಬೇಸಿಗೆಗೂ ನೀರು ಬೇಕು. ಮೊದಲ ಬೇಸಿಗೆ ದಾಟಿಸಿದ ಸಭೆಗಳು ಸೋಲುವುದು ಇಲ್ಲೇ.

ಆದ್ದರಿಂದ ಸಸಿಗಳ ಸಂಖ್ಯೆಯನ್ನು ನೀರು ಹಾಕುವವರ ಸಂಖ್ಯೆಯಿಂದ ತೀರ್ಮಾನಿಸಿ. ಒಂದು ಕುಟುಂಬಕ್ಕೆ ಒಂದು ಗಿಡ, ಎರಡು ವರ್ಷದ ಜವಾಬ್ದಾರಿ, ಸಭಾಸಮಿತಿಯ ನಡಾವಳಿ ಪುಸ್ತಕದಲ್ಲಿ ಹೆಸರು. ಯಾಜಕಕಾಂಡ 19:23-25 ಓದಿ: ಹೊಸದಾಗಿ ನೆಟ್ಟ ಮರದ ಹಣ್ಣನ್ನು ಮೂರು ವರ್ಷ ಮುಟ್ಟುವಂತಿಲ್ಲ, ನಾಲ್ಕನೇ ವರ್ಷದ್ದು ಯೆಹೋವನಿಗೆ, ಐದನೇ ವರ್ಷದ್ದು ನಿಮಗೆ. ಮರ ಎಂದರೆ ಐದು ವರ್ಷದ ಕೆಲಸ ಎಂಬುದು ಆ ಕಾನೂನಿಗೆ ಗೊತ್ತಿತ್ತು.

ಆ ಸೀಮೆಯಲ್ಲಿ ತಾನಾಗಿ ಬೆಳೆಯುವ ಜಾತಿಗಳನ್ನೇ ಆರಿಸಿ, ಗೋಡೆ ಮತ್ತು ವಿದ್ಯುತ್ ತಂತಿಯಿಂದ ದೂರವಿಡಿ. ಆವರಣದಲ್ಲಿ ಹಳೆಯ ಮರವೊಂದಿದ್ದು, ಕಟ್ಟಡ ವಿಸ್ತರಣೆಗಾಗಿ ಅದನ್ನು ಕಡಿಯುವ ಮಾತು ನಡೆದಿದ್ದರೆ ಸಸಿ ನೆಡುವ ಕಾರ್ಯಕ್ರಮಕ್ಕಿಂತ ಮೊದಲು ನಕ್ಷೆ ಬದಲಿಸುವ ಮಾತಾಡಿ. ಅದು ಹೆಚ್ಚು ಜಗಳದ ಕೆಲಸ, ಹೆಚ್ಚು ಉಪಯೋಗದ್ದೂ ಹೌದು.

ಪ್ರಶ್ನೆ: ಬಲಿಪೀಠದ ಹೂವಿನ ಅಲಂಕಾರಕ್ಕೆ ಬಳಸುವ ಹಸಿರು ಸ್ಪಂಜಿನ ಇಟ್ಟಿಗೆ ಮಣ್ಣಿನಲ್ಲಿ ಕರಗುತ್ತದೆಯೇ?

ಇಲ್ಲ. ಮಾಮೂಲಿ ಹಸಿರು ಇಟ್ಟಿಗೆ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ನಿಂದ ಮಾಡಿದ ಪ್ಲಾಸ್ಟಿಕ್. ಬೆರಳಿನಲ್ಲಿ ಒತ್ತಿದರೆ ಪುಡಿಯಾಗುವುದರಿಂದ ಕರಗಿದಂತೆ ಕಾಣುತ್ತದೆ, ಆ ಪುಡಿ ಪ್ಲಾಸ್ಟಿಕ್ ಆಗಿಯೇ ಉಳಿಯುತ್ತದೆ. ನೆನೆಸಿದ ನೀರನ್ನು ಚರಂಡಿಗೆ ಚೆಲ್ಲಿದರೆ ಅದರ ಜೊತೆಗೇ ಹೋಗುತ್ತದೆ. ಬದಲಿಗೆ ಕೋಳಿಗೂಡಿಗೆ ಹಾಕುವ ತಂತಿಬಲೆಯನ್ನು ಎರಡು, ಮೂರು ಪದರ ಮಡಚಿ, ಸಡಿಲವಾಗಿ ಉಂಡೆ ಕಟ್ಟಿ, ಅಗಲ ಬಾಯಿಯ ಪಾತ್ರೆಯಲ್ಲಿ ಬಿಗಿಯಾಗಿ ಕೂರಿಸಿ. ದಂಟುಗಳನ್ನು ಓರೆಯಾಗಿ ಕತ್ತರಿಸಿ, ನೀರಿನ ಮಟ್ಟಕ್ಕಿಂತ ಕೆಳಗಿರುವ ಎಲೆಗಳನ್ನು ಕಿತ್ತು, ಪದರಗಳ ಮೂಲಕ ತಳ ಮುಟ್ಟುವಂತೆ ಸಿಗಿಸಿ. ಎಲೆ ಕೀಳದಿದ್ದರೆ ನೀರು ಎರಡೇ ದಿನದಲ್ಲಿ ನಾರುತ್ತದೆ. ಕೆಲಸ ಮುಗಿದ ಮೇಲೆ ಬಲೆಯನ್ನು ತೊಳೆದು ಒರೆಸಿಟ್ಟರೆ ತುಕ್ಕು ಹಿಡಿಯುವ ತನಕ ಬರುತ್ತದೆ.